ಲೆಗೋದಲ್ಲಿ ಓಡುವ ಜರ್ಮನ್ ಶಂಟಿಂಗ್ ಎಂಜಿನ್: ಮೋಟಾರ್ ಎಲ್ಲಿಡಲಿ?

ನೀವು ಕೇಳಿದ್ದು ಇಷ್ಟು: ಜರ್ಮನಿಯ ‘ಕ್ಯೋಫ್’ ಎಂಬ ಪುಟ್ಟ ಶಂಟಿಂಗ್ ಎಂಜಿನ್ನನ್ನು, ಅಂದರೆ ನಿಲ್ದಾಣದಲ್ಲಿ ವ್ಯಾಗನ್ ಬಿಡಿಸಿ ಜೋಡಿಸುವ ಎಂಜಿನ್ನನ್ನು, ಲೆಗೋ ಇಟ್ಟಿಗೆಗಳಲ್ಲಿ ಆರು ಸ್ಟಡ್ (ಇಟ್ಟಿಗೆಯ ಮೇಲಿನ ಗುಂಡು ಉಬ್ಬು) ಅಗಲಕ್ಕೆ ಕಟ್ಟಬೇಕು, ಅದು ಮೋಟಾರಿನಲ್ಲಿ ಓಡಬೇಕು. ಹೊರಮೈಯ ವಿನ್ಯಾಸ ಕಂಪ್ಯೂಟರಿನಲ್ಲಿ ಮುಗಿದಿದೆ, ಮೋಟಾರ್ ಎಲ್ಲಿಡುವುದೆಂದು ಮಾತ್ರ ತೋಚುತ್ತಿಲ್ಲ.

ಹೊರಮೈ ಮುಗಿದಿದೆ ಎಂದಿರಲ್ಲ, ಎಡವಿದ್ದು ಅಲ್ಲೇ. ನಾನೂ ಮೊದಲ ಸಲ ಅಲ್ಲೇ ಎಡವಿದೆ. ಕಿಟಕಿ, ಕೈಕಂಬಿ, ಬಫರ್ (ಎಂಜಿನ್ನಿನ ಎರಡು ತುದಿಯ ಗುದ್ದುತಡೆ), ದೀಪ ಎಲ್ಲವನ್ನೂ ಕೂರಿಸಿ ಎರಡು ವಾರ ಮೆರೆದಾಡಿದ ಮೇಲೆ ನೋಡಿದರೆ ಬ್ಯಾಟರಿ ಪೆಟ್ಟಿಗೆ ಒಳಗೆ ಹೋಗಲೊಲ್ಲದು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ ಎಂಬಂತಾಯಿತು. ಎಲ್ಲವನ್ನೂ ಬಿಚ್ಚಿ ಚಾಸಿಯಿಂದ ಶುರುಮಾಡಿದೆ. ದೊಡ್ಡ ಎಂಜಿನ್ನಾದರೆ ಮೋಟಾರ್ ಎಲ್ಲಿಯಾದರೂ ಅಡಗುತ್ತದೆ. ಕ್ಯೋಫ್‌ನಲ್ಲಿ ಅಡಗಲು ಜಾಗವೇ ಇಲ್ಲ. ಮೊದಲು ಬ್ಯಾಟರಿ, ಮೋಟಾರ್, ಗೇರ್ ಇವಿಷ್ಟನ್ನು ಹಳಿಯ ಮೇಲೆ ಬೆತ್ತಲೆಯಾಗಿ ಓಡಿಸಿ. ಬಟ್ಟೆ ತೊಡಿಸುವುದು ಆಮೇಲೆ.

ಈ ಇಕ್ಕಟ್ಟು ನಿಜವಾದ ಎಂಜಿನ್ ಕಟ್ಟಿದವರಿಗೂ ಇತ್ತು. ಆಗ ಜರ್ಮನಿಯಲ್ಲಿ ಗೂಡ್ಸ್ ಗಾಡಿ ಪ್ರತಿ ಸಣ್ಣ ನಿಲ್ದಾಣದಲ್ಲೂ ನಿಲ್ಲಬೇಕಿತ್ತು. ಒಂದೆರಡು ವ್ಯಾಗನ್ ಬಿಡಿಸಿ ಇನ್ನೊಂದೆರಡು ಜೋಡಿಸುವ ಕೆಲಸಕ್ಕೆ ಅದರ ದೊಡ್ಡ ಉಗಿ ಎಂಜಿನ್ನೇ ಹಿಂದೆ ಮುಂದೆ ಓಡಾಡುತ್ತಿತ್ತು. ಅಷ್ಟು ಹೊತ್ತು ಇಡೀ ಗಾಡಿ ಕಾಯಬೇಕು. ಈ ಕಾಲಹರಣ ತಪ್ಪಿಸಲು ಅಂದಿನ ಜರ್ಮನ್ ರೈಲ್ವೆ ಡಾಯ್ಚೆ ರೈಕ್ಸ್‌ಬಾನ್ 1930ರ ದಶಕದ ಆರಂಭದಲ್ಲಿ ನಿಲ್ದಾಣಕ್ಕೇ ಒಂದು ಪುಟ್ಟ ಎಂಜಿನ್ ಕೊಡಲು ಹೊರಟಿತು. ಹೆಸರಿನಲ್ಲೇ ಎಲ್ಲ ಇದೆ: ‘ಕ’ ಎಂದರೆ ಕ್ಲೈನ್‌ಲೋಕೊಮೊಟಿವೆ, ಚಿಕ್ಕ ಎಂಜಿನ್, ನಡುವಿನ ಸ್ವರ ಎಣ್ಣೆಯನ್ನು, ಅಂದರೆ ಡೀಸೆಲನ್ನು, ಸೂಚಿಸುತ್ತದೆ, ‘ಫ’ ಎಂದರೆ ದ್ರವದ ಮೂಲಕ ಶಕ್ತಿ ಸಾಗಿಸುವ ಗೇರ್‌ಪೆಟ್ಟಿಗೆ. ಅದನ್ನು ನಡೆಸಲು ಪೂರ್ಣ ತರಬೇತಿಯ ಲೋಕೊ ಚಾಲಕ ಬೇಕಿರಲಿಲ್ಲ, ಪ್ರತ್ಯೇಕ ಚಿಕ್ಕ ತರಬೇತಿ ಪಡೆದ ನಿಲ್ದಾಣದ ನೌಕರನೇ ಸಾಕಾಗಿತ್ತು. ನಾನು ಅರಸೀಕೆರೆ ಜಂಕ್ಷನ್ನಿನ ಶಂಟಿಂಗ್ ನೋಡುತ್ತ ಬೆಳೆದವನು. ನಮ್ಮ ಪಾಯಿಂಟ್ಸ್‌ಮನ್ ಕೈಗೆ ಹಸಿರು ಬಾವುಟದ ಜೊತೆ ಒಂದು ಎಂಜಿನ್ನನ್ನೂ ಕೊಟ್ಟಿದ್ದರೆ ಹೇಗಿರುತ್ತಿತ್ತೋ ಹಾಗೆ ಎಂದು ಊಹಿಸಿಕೊಂಡೆ. ಈಗ ಇರುವುದು ಜರ್ಮನಿಯ ಮಾನ್‌ಹೈಮ್ ಹತ್ತಿರ. ಇಲ್ಲಿಂದ ದೂರವಲ್ಲದ ಮೋಸ್‌ಬಾಖ್ ಊರಿನ ಗ್ಮೈಂಡರ್ ಕಾರ್ಖಾನೆ ಈ ಎಂಜಿನ್ನುಗಳ ತವರುಗಳಲ್ಲೊಂದು.

ಕ್ಯೋಫ್‌ನಲ್ಲಿ ಪೀಳಿಗೆಗಳಿವೆ. ನೀವು ಚಿತ್ರದಲ್ಲಿ ತೋರಿಸಿದ್ದು ಎರಡನೆಯ ಶಕ್ತಿಗುಂಪಿನದು, ‘ಕ್ಯೋಫ್ 2’. 1960ರ ದಶಕದವರೆಗೂ ಕಟ್ಟಿದ ಇವು ಒಟ್ಟು ಸಾವಿರಕ್ಕೂ ಹೆಚ್ಚು. ಬಫರಿನಿಂದ ಬಫರಿಗೆ ಉದ್ದ 6,450 ಮಿ.ಮೀ., ಎರಡು ಅಚ್ಚುಗಳ ನಡುವೆ 2,506 ಮಿ.ಮೀ., ಚಕ್ರದ ವ್ಯಾಸ 850 ಮಿ.ಮೀ., ವೇಗ ಗಂಟೆಗೆ 30 ಕಿ.ಮೀ. 1959ರಿಂದ ಬಂದ ‘ಕ್ಯೋಫ್ 3’ ಇದಕ್ಕಿಂತ ಉದ್ದ, 240 ಅಶ್ವಶಕ್ತಿಯದು. ಜಾಗವೇ ಮುಖ್ಯ ಎನ್ನುವವರು ಅದನ್ನು ಕಟ್ಟಬಹುದು. ಆದರೆ ನಿಮಗೆ ಮನಸ್ಸಾಗಿರುವುದು ಆ ಕುಳ್ಳನ ಮೇಲೆ, ಅದು ನನಗೂ ಅರ್ಥವಾಗುತ್ತದೆ.

ಈಗ ಅಳತೆಗೆ ಬರೋಣ. ಲೆಗೋ ಹಳಿಗಳ ನಡುವಿನ ಅಂತರ 37.5 ಮಿ.ಮೀ.; ನಿಜವಾದ ಹಳಿಗೆ 1,435. ಭಾಗಿಸಿದರೆ ಸುಮಾರು 1:38. ಒಂದು ಸ್ಟಡ್ 8 ಮಿ.ಮೀ., ಅಂದರೆ ನಿಜ ಲೋಕದಲ್ಲಿ ಸುಮಾರು 306 ಮಿ.ಮೀ. ಹೆಚ್ಚುಕಡಿಮೆ ಒಂದು ಅಡಿ! ಹೀಗಾಗಿ ಯಾವ ನಕ್ಷೆ ಸಿಕ್ಕಿದರೂ ಅಡಿ ಎಣಿಸಿ, ಅಷ್ಟು ಸ್ಟಡ್ ಇಡಿ. ಕ್ಯೋಫ್ 2ರ ಉದ್ದ 21 ಸ್ಟಡ್, ಅಚ್ಚಿನಿಂದ ಅಚ್ಚಿಗೆ 8. ಎಂಟು ಎಂದು ಇಷ್ಟು ಸರಿಯಾಗಿ ಕೂರುವುದು ಅಪರೂಪದ ಅದೃಷ್ಟ. ಅಷ್ಟು ಅಂತರದ ಬಿಗಿ ಅಚ್ಚುಗಳು ಲೆಗೋದ ಮಾಮೂಲಿ ತಿರುವಿನಲ್ಲಿ, ಅಂದರೆ 40 ಸ್ಟಡ್ ತ್ರಿಜ್ಯದಲ್ಲಿ, ಉಜ್ಜಿಕೊಳ್ಳದೆ ತಿರುಗುತ್ತವೆ. ಚಕ್ರವೊಂದೇ ಸ್ವಲ್ಪ ಚಿಕ್ಕದು: 22 ಮಿ.ಮೀ. ಬೇಕಾದಲ್ಲಿ ಕಂಪನಿಯ ಚಿಕ್ಕ ಚಕ್ರ ಸುಮಾರು 18. ಕಪ್ಪು ಚಾಸಿಯ ನೆರಳಿನಲ್ಲಿ ಯಾರೂ ಗಮನಿಸುವುದಿಲ್ಲ.

ಆರು ಸ್ಟಡ್ ಅಗಲದ ಪ್ರಶ್ನೆಗೆ ಉತ್ತರ ಬ್ಯಾಟರಿ ಪೆಟ್ಟಿಗೆಯಲ್ಲಿದೆ. 2018ರಲ್ಲಿ ಬಂದ ಲೆಗೋದ ಪವರ್ಡ್ ಅಪ್ ಎಂಬ ಮೋಟಾರ್ ವ್ಯವಸ್ಥೆಯಲ್ಲಿ ಈ ಪೆಟ್ಟಿಗೆಗೆ ಹಬ್ ಎನ್ನುತ್ತಾರೆ; ಅದು 8 ಸ್ಟಡ್ ಉದ್ದ, 4 ಅಗಲ. ಎರಡು ಬದಿಗೆ ಒಂದೊಂದು ಸ್ಟಡ್ ಗೋಡೆ ಕಟ್ಟಿದರೆ ಆರು. ಆದ್ದರಿಂದ ಬಾನೆಟ್ ಆರು ಅಗಲ ಆಗಲೇಬೇಕು. ಕ್ಯಾಬಿನ್ನನ್ನೂ ಆರಕ್ಕೇ ನಿಲ್ಲಿಸಿದರೆ ಎರಡೂ ಒಂದೇ ಸಮ ಆಗಿ, ಬೆಂಕಿಪೆಟ್ಟಿಗೆಗೆ ಗಾಲಿ ಜೋಡಿಸಿದಂತೆ ಕಾಣುತ್ತದೆ. ಕ್ಯೋಫ್‌ನ ಮುಖಲಕ್ಷಣವೇ ಕಿರಿದಾದ ಬಾನೆಟ್, ಅದರ ಬೆನ್ನಿಗೆ ಅಗಲವಾದ, ಗುಂಡು ಚಾವಣಿಯ ಕ್ಯಾಬಿನ್. ಬಾನೆಟ್ಟಿಗೆ ಆರು, ಕ್ಯಾಬಿನ್ನಿಗೆ ಎಂಟು ಕೊಡಿ. ಏಳರ ಗೊಡವೆಗೆ ಹೋಗಬೇಡಿ. ಎಲ್ಲೆಲ್ಲೂ ಅರ್ಧ ಸ್ಟಡ್ ಕಾಟ.

ಪವರ್ಡ್ ಅಪ್‌ಗಿಂತ ಹಿಂದಿನ ವ್ಯವಸ್ಥೆಯಾದ ಪವರ್ ಫಂಕ್ಷನ್ಸ್‌ನ ಹಳೆಯ ಸಾಮಾನು ಮನೆಯಲ್ಲಿದೆ ಎಂದು ಅದನ್ನೇ ತುರುಕಲು ಹೋಗಬೇಡಿ. ಅದರಲ್ಲಿ ಬ್ಯಾಟರಿ, ರಿಸೀವರ್, ಮೋಟಾರ್ ಎಂದು ಮೂರು ಗಡ್ಡೆಗಳು. ಅತಿಗೆಂಪು ಕಿರಣ ಹಿಡಿಯಲು ರಿಸೀವರ್ ಎಲ್ಲಾದರೂ ತಲೆ ಹೊರಹಾಕಲೇಬೇಕು. ಪವರ್ಡ್ ಅಪ್‌ನಲ್ಲಿ ಬ್ಲೂಟೂತ್ ಹಬ್ಬಿನೊಳಗೇ ಇರುವುದರಿಂದ ಗಡ್ಡೆಗಳು ಎರಡೇ. ಸಿದ್ಧವಾಗಿ ಸಿಗುವ ರೈಲು ಮೋಟಾರ್ ಸುಲಭ ನಿಜ, ಆದರೆ ಅದರ ಅಚ್ಚುಗಳ ಅಂತರವನ್ನು ಕಂಪನಿ ನಿರ್ಧರಿಸಿಬಿಟ್ಟಿದೆ, ನಮ್ಮ ಎಂಟು ಅಲ್ಲಿ ಸಿಗುವುದಿಲ್ಲ. ಹಬ್ ಬಾನೆಟ್ಟಿನಲ್ಲಿ, ಮಧ್ಯಮ ಗಾತ್ರದ ಮೋಟಾರ್ ಕ್ಯಾಬಿನ್ನಿನಲ್ಲಿ, ಅಲ್ಲಿಂದ ಗೇರ್‌ಗಳು ಅಚ್ಚಿಗೆ: ಇದೇ ನಾನು ಉಳಿಸಿಕೊಂಡ ಏರ್ಪಾಡು. ಚಾಲಕನಿಗೆ ಜಾಗವಿಲ್ಲ. ಸೊಂಟದಿಂದ ಮೇಲಿನ ಒಂದು ಗೊಂಬೆಯನ್ನು ಮೋಟಾರಿನ ಮೇಲೆ ಕಿಟಕಿಗೆ ಆನಿಸಿ ಅಂಟಿಸಿಕೊಂಡಿದ್ದೇನೆ. ಪಾಪ, ಕಾಲಿಲ್ಲ.

ಗೇರ್ ವಿಷಯವನ್ನು ಸ್ವಲ್ಪ ನಿಧಾನವಾಗಿ ಓದಿ, ನನ್ನ ಮೂರು ತಿಂಗಳು ಇಲ್ಲಿ ಕರಗಿದೆ.

ಹಳೆಯ ಮಧ್ಯಮ ಮೋಟಾರನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಭಾರವಿಲ್ಲದಾಗ 9 ವೋಲ್ಟಿನಲ್ಲಿ ಅದು ನಿಮಿಷಕ್ಕೆ ಸುಮಾರು 400 ಸುತ್ತು ತಿರುಗುತ್ತದೆ. ನೇರವಾಗಿ 18 ಮಿ.ಮೀ. ಚಕ್ರಕ್ಕೆ ಜೋಡಿಸಿದರೆ ಸೆಕೆಂಡಿಗೆ ಸುಮಾರು 38 ಸೆಂ.ಮೀ. ಅಳತೆಗೆ ಹಿಗ್ಗಿಸಿದರೆ ಗಂಟೆಗೆ 50 ಕಿ.ಮೀ. ದಾಟಿತು. ಶಂಟಿಂಗ್ ಎಂಜಿನ್ ಹಾಗೆ ಓಡಿದರೆ ಅದು ಶಂಟಿಂಗ್ ಅಲ್ಲ, ಪರಾರಿ. 12 ಹಲ್ಲಿನ ಗೇರಿನಿಂದ 20 ಹಲ್ಲಿನದಕ್ಕೆ ಇಳಿಸಿದರೆ 240 ಸುತ್ತು, ಅಂದರೆ ಗಂಟೆಗೆ 31 ಕಿ.ಮೀ. ನಿಜವಾದ ಕ್ಯೋಫ್‌ನ ವೇಗವೇ ಬಂತು. ಕಾಗದದ ಮೇಲೆ ಈ ಅಂಕಿ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ 20 ಹಲ್ಲಿನ ಗೇರನ್ನು ಹಿಂದಿನ ಅಚ್ಚಿನ ಮೇಲೇ ಕೂರಿಸಿದೆ. ನೇರ ಹಳಿಯಲ್ಲಿ ಸೊಗಸಾಗಿ ಓಡಿತು. ಪಾಯಿಂಟ್, ಅಂದರೆ ಹಳಿ ಕವಲೊಡೆಯುವ ಜಾಗ, ಬಂದ ಕೂಡಲೇ ಟಕ್ ಎಂದು ಎಗರಿ ಬಿತ್ತು. ಹತ್ತು ಸಲ ಹೀಗೇ. ಹಳಿ ಸರಿಯಿಲ್ಲವೆಂದು ಹಳಿ ಬದಲಿಸಿದೆ, ಚಕ್ರ ಬದಲಿಸಿದೆ. ಕೊನೆಗೆ ಕೆನ್ನೆಯನ್ನು ಮೇಜಿಗೆ ಒತ್ತಿ ನೋಡಿದಾಗ ತಿಳಿಯಿತು: 20 ಹಲ್ಲಿನ ಗೇರ್ ನನ್ನ ಚಕ್ರಕ್ಕಿಂತ ದೊಡ್ಡದು! ಬರಿಯ ಹಳಿಯಲ್ಲಿ ಅದು ಎರಡು ಹಳಿಗಳ ನಡುವಿನ ತಗ್ಗಿನಲ್ಲಿ ತೂಗುತ್ತದೆ. ಪಾಯಿಂಟಿನಲ್ಲಿ ಕವಲೊಡೆದ ಹಳಿ ನಡುಮಧ್ಯೆ ಹಾದುಹೋಗುತ್ತದಲ್ಲ, ಅದಕ್ಕೆ ಹೊಟ್ಟೆ ತಾಗುತ್ತಿತ್ತು. ಆದ್ದರಿಂದ ವೇಗ ಇಳಿಸುವ ಕೆಲಸವನ್ನು ಮೇಲೆ, ಕ್ಯಾಬಿನ್ನಿನ ನೆಲದಲ್ಲೇ ಮುಗಿಸಿ. ಅಚ್ಚಿನ ಮಟ್ಟಕ್ಕೆ ಬಂದ ಮೇಲೆ 12 ಹಲ್ಲಿಗಿಂತ ದೊಡ್ಡದು ಯಾವುದೂ ಇರಬಾರದು.

ಎರಡನೆಯದು ಜಾರುವಿಕೆ. ಮೋಟಾರ್ ಹಿಂದಿನ ಅಚ್ಚನ್ನು ತಿರುಗಿಸುತ್ತಿತ್ತು, ಆರು ಸಣ್ಣ ಬ್ಯಾಟರಿಗಳ ಎಪ್ಪತ್ತು ಗ್ರಾಂ ಭಾರ ಮುಂದಿನ ಅಚ್ಚಿನ ಮೇಲೆ ಕುಳಿತಿತ್ತು. ಎಳೆಯುವವನೊಬ್ಬ, ಭಾರ ಹೊತ್ತವನಿನ್ನೊಬ್ಬ. ಎರಡು ವ್ಯಾಗನ್ ಕಟ್ಟಿದರೆ ಚಕ್ರ ನಿಂತಲ್ಲೇ ತಿರುಗುತ್ತಿತ್ತು. ನಿಜವಾದ ಕ್ಯೋಫ್‌ನಲ್ಲಿ ಗೇರ್‌ಪೆಟ್ಟಿಗೆಯಿಂದ ಎರಡೂ ಅಚ್ಚುಗಳಿಗೆ ಸರಪಳಿ ಹೋಗುತ್ತದೆ. ಲೆಗೋದಲ್ಲೂ ಸರಪಳಿ ಇದೆಯಲ್ಲ ಎಂದು ಆಸೆಯಿಂದ ಹಾಕಿದೆ. ಜೋಲುಬಿದ್ದು ಕಟಕಟ ಸದ್ದು ಮಾಡಿತು, ಪಾಯಿಂಟಿನಲ್ಲಿ ಮತ್ತೆ ಅದೇ ರಗಳೆ. ತೆಗೆದುಹಾಕಿ ಎರಡು ಅಚ್ಚುಗಳ ನಡುವೆ ಉದ್ದುದ್ದಕ್ಕೆ ಒಂದು ಶಾಫ್ಟ್ ಹಾಸಿದೆ. ಅದರ ಎರಡು ತುದಿಗೂ 12 ಹಲ್ಲಿನ ಓರೆಗೇರ್ (ಅಡ್ಡಲಾಗಿರುವ ಅಚ್ಚಿಗೆ ಸುತ್ತು ದಾಟಿಸುವ ಗೇರ್), ಪ್ರತಿ ಅಚ್ಚಿಗೂ ಅಂಥದ್ದೇ ಒಂದು.

ಗುಂಡಿ ಒತ್ತಿದೆ. ಮೋಟಾರ್ ನರಳಿತು, ಎಂಜಿನ್ ಕದಲಲಿಲ್ಲ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು: ಒಂದು ಅಚ್ಚು ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ನೋಡಲು ಚೆಂದವೆಂದು ಎರಡು ಅಚ್ಚಿನ ಗೇರುಗಳನ್ನೂ ಶಾಫ್ಟಿನ ಎಡಬದಿಗೇ ಇಟ್ಟಿದ್ದೆ. ಶಾಫ್ಟ್ ಎರಡು ಅಚ್ಚುಗಳ ನಡುವೆ ಇರುವಾಗ ಮುಂದಿನದು ಎಡಕ್ಕಿದ್ದರೆ ಹಿಂದಿನದು ಬಲಕ್ಕಿರಬೇಕು. ಅದೊಂದು ಬದಲಾದ ಮೇಲೆ ರಬ್ಬರ್ ಪಟ್ಟಿ ಸುತ್ತಿದ ನಾಲ್ಕು ಚಕ್ರಗಳು ಐದು ವ್ಯಾಗನ್ ಎಳೆದವು.

ಮತ್ತೆ ಮತ್ತೆ ತುಂಬಿಸುವ ಬ್ಯಾಟರಿ ಹಾಕುವುದಾದರೆ ತಲಾ 1.2 ವೋಲ್ಟಿನಂತೆ ಆರಕ್ಕೆ 7.2 ಮಾತ್ರ. ವೇಗ ಇನ್ನಷ್ಟು ಇಳಿಯುತ್ತದೆ. ಶಂಟಿಂಗಿಗೆ ಅದು ವರವೇ.

ಆಯಸ್ಕಾಂತದ ಕೊಂಡಿಯನ್ನು ಚಾಸಿಗೆ ಬಿಗಿಯಾಗಿ ಜಡಿಯಬೇಡಿ. ಅಚ್ಚುಗಳಿಂದಾಚೆ ಎರಡು ಕಡೆಯೂ ಆರೂವರೆ ಸ್ಟಡ್ ಮೂತಿ ಚಾಚಿದೆ, ತಿರುವಿನಲ್ಲಿ ಆ ಮೂತಿ ಹೊರಗೆ ಹೋಗುತ್ತದೆ, ಪಕ್ಕದ ವ್ಯಾಗನ್ನನ್ನೂ ಎಳೆದು ಬೀಳಿಸುತ್ತದೆ. ಒಂದು ಪಿನ್ನಿನ ಮೇಲೆ ಅತ್ತಿತ್ತ ಆಡುವಂತೆ ಕೂರಿಸಿ. ಬಾನೆಟ್ ನಾಲ್ಕು ಸ್ಟಡ್‌ಗಳ ಹಿಡಿತದಲ್ಲಿ ಒಂದೇ ಕೈಯಲ್ಲಿ ಮೇಲೆದ್ದು ಬರಬೇಕು, ಹಬ್ಬಿನ ಗುಂಡಿ ಅದರಡಿ ಇದೆ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯುದ್ಧಾನಂತರದ ಪಶ್ಚಿಮ ಜರ್ಮನಿಯ ರೈಲ್ವೆ ಡಾಯ್ಚೆ ಬುಂಡೆಸ್‌ಬಾನ್ ಕಾಲದ ಕ್ಯೋಫ್ ಹಳೆಯ ವೈನಿನ ಕಡುಗೆಂಪು, ಚಾಸಿ ಕಪ್ಪು. ಲೆಗೋದ ಕಡುಗೆಂಪು ಅದಕ್ಕೆ ಚೆನ್ನಾಗಿ ಒಪ್ಪುತ್ತದೆ, ಆದರೆ ಬೇಕಾದ ಆಕಾರದ ತುಂಡುಗಳೆಲ್ಲ ಆ ಬಣ್ಣದಲ್ಲಿ ಸಿಗುವುದಿಲ್ಲ. ನೀವು ಬೆಂಗಳೂರಿಗೆ ಬಿಡಿಭಾಗ ತರಿಸುವವರು. ನಾಲ್ಕು ಅಂಗಡಿಗಳಿಂದ ನಾಲ್ಕು ಪುಟ್ಟ ಪೊಟ್ಟಣ ತರಿಸಿದರೆ ಅಂಚೆ ವೆಚ್ಚ, ಸುಂಕ ಸೇರಿ ಇಟ್ಟಿಗೆಗಿಂತ ಹೊರೆ ಹೆಚ್ಚಾದೀತು. ಚಾಸಿಗೆ ಕೈಯಲ್ಲಿರುವ ಯಾವ ಬಣ್ಣವಾದರೂ ನಡೆಯುತ್ತದೆ. ನನ್ನ ಮೊದಲ ಚಾಸಿಯಲ್ಲಿ ಹಳದಿ, ನೀಲಿ, ಗಿಳಿಹಸಿರು ಎಲ್ಲ ಇದ್ದವು, ಜಾತ್ರೆಯ ತೇರಿನಂತೆ.

ಕಡುಗೆಂಪು ತುಂಡುಗಳನ್ನು ತರಿಸುವ ಮೊದಲು ಆ ತೇರನ್ನು ಮೂರು ವ್ಯಾಗನ್ ಕಟ್ಟಿ ಪಾಯಿಂಟಿನ ಮೇಲೆ ಎರಡೂ ದಿಕ್ಕಿಗೆ ಇಪ್ಪತ್ತು ಸಲ ಓಡಿಸಿ. ಎಲ್ಲಾದರೂ ಎಗರಿದರೆ, ಅಡಿಯಿಂದ ತೆಗೆದ ಒಂದು ಫೋಟೊವನ್ನು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.