ದುಬೈಗೆ ಹೊರಟ ತಂಗಿಗೆ

ನಾನು ದುಬೈಯಿಂದ ರಜೆಗೆ ಉಡುಪಿಗೆ ಬಂದದ್ದು ತಿಳಿದು ನೀನು ಮೆಸೇಜು ಹಾಕಿದ್ದು ಒಳ್ಳೆಯದೇ ಆಯಿತು. ಮದುವೆ ಕಳೆದು ಗಂಡ ದುಬೈಗೆ ವಾಪಸಾಗಿದ್ದಾನೆ, ನೀನು ಬ್ರಹ್ಮಾವರದ ಮನೆಯಿಂದಲೇ ಪಿಯು ಕಾಲೇಜಿಗೆ ಪಾಠ ಮಾಡಲು ಹೋಗಿ ಬರುತ್ತಿದ್ದೀ. ಕೇಳಿದ್ದು ಮೂರು. ದುಬೈಗೆ ತಾಗಿಕೊಂಡಿರುವ ಷಾರ್ಜಾದಲ್ಲಿ ಬಾಡಿಗೆ ಕಡಿಮೆಯಂತೆ, ಮನೆ ಅಲ್ಲಿ ಹಿಡಿಯುವುದೋ ದುಬೈಯಲ್ಲೋ? ಕೆಲಸ ಬಿಟ್ಟು ಬಂದರೆ ಇಡೀ ದಿನ ಎಂತ ಮಾಡುವುದು? ಗುರುತು ಪರಿಚಯ ಇಲ್ಲದ ಊರಲ್ಲಿ ಇಬ್ಬರೇ ಸಂಸಾರ ಮಾಡುವುದು ಹೇಗೆ? ಮೊದಲನೆಯದನ್ನು ಸರಿಯಾಗಿ ತೀರ್ಮಾನ ಮಾಡಿದರೆ ಉಳಿದೆರಡು ಅರ್ಧ ಹಗುರಾಗುತ್ತವೆ. ಹಾಗಾಗಿ ಮನೆಯ ವಿಷಯವನ್ನೇ ಉದ್ದಕ್ಕೆ ಬರೆಯುತ್ತೇನೆ, ಬೇಸರ ಮಾಡಬೇಡ.

ಷಾರ್ಜಾದಲ್ಲಿ ಬಾಡಿಗೆ ಕಡಿಮೆ ಎಂಬುದು ನಿಜ. ಅಲ್ ನಹ್ದಾ ಎಂಬ ಹೆಸರಿನ ಏರಿಯಾ ಎರಡು ಉಂಟು, ಒಂದು ದುಬೈಗೆ ಸೇರಿದ್ದು, ಇನ್ನೊಂದು ಷಾರ್ಜಾಕ್ಕೆ. ಎರಡೂ ಅಕ್ಕಪಕ್ಕವೇ. ಗಡಿಯ ಆಚೆಗೆ ಹೋದರೆ ಅದೇ ದುಡ್ಡಿಗೆ ದೊಡ್ಡ ಮನೆ ಸಿಗುತ್ತದೆ. ಆದರೆ ದುಬೈ ಮೆಟ್ರೋ ಆ ಗಡಿ ದಾಟುವುದಿಲ್ಲ. ಬೆಳಿಗ್ಗೆ ಷಾರ್ಜಾದಿಂದ ದುಬೈಗೆ ಕೆಲಸಕ್ಕೆ ಹೋಗುವವರೆಲ್ಲ ಒಂದೇ ದಿಕ್ಕಿಗೆ ಹೊರಡುತ್ತಾರೆ, ಸಂಜೆ ಅಷ್ಟೂ ಜನ ಒಟ್ಟಿಗೆ ವಾಪಸು ಬರುತ್ತಾರೆ. ಬ್ರಹ್ಮಾವರದಿಂದ ಉಡುಪಿಗೆ ಇರುವಷ್ಟು ದಾರಿಗೆ ಅಲ್ ಇತ್ತಿಹಾದ್ ರಸ್ತೆಯಲ್ಲಿ ಒಂದೊಂದು ದಿನ ಒಂದೂವರೆ ತಾಸು ಹಿಡಿಯುತ್ತದೆ. ಮೇಲಿಂದ ಅಲ್ ಮಮ್ಝರ್ ಹತ್ತಿರ ಸಾಲಿಕ್ ಟೋಲು. 2025ರಿಂದ ಅದು ರಶ್ಶಿನ ಹೊತ್ತಿನಲ್ಲಿ 6 ದಿರ್ಹಮ್, ಉಳಿದ ಹೊತ್ತು 4, ನಡುರಾತ್ರಿ ಒಂದರಿಂದ ಬೆಳಿಗ್ಗೆ ಆರರ ತನಕ ಮಾತ್ರ ಇಲ್ಲ.

ನಮ್ಮ ಗುರುತಿನ ಕಟಪಾಡಿ ಕಡೆಯ ಜೋಡಿಯೊಂದು ಹಾಗೆ ಷಾರ್ಜಾದಲ್ಲಿ ಮನೆ ಹಿಡಿದಿತ್ತು. ಅವನು ಬೆಳಿಗ್ಗೆ ಆರಕ್ಕೆ ಮನೆ ಬಿಡುತ್ತಿದ್ದ. ರಾತ್ರಿ ಎಂಟಕ್ಕೆ ಬಂದು, ಸ್ನಾನ ಮಾಡಿ, ಉಂಡು, ತಟ್ಟೆ ತೊಳೆಯುವುದರೊಳಗೆ ಸೋಫಾದಲ್ಲೇ ನಿದ್ದೆ. ಹುಡುಗಿ ಬೆಳಗಿನಿಂದ ಮಾತಿಗೆ ಕಾದು ಕುಳಿತಿರುತ್ತಾಳೆ, ಅವನಿಗೆ ಮಾತಾಡುವ ತ್ರಾಣ ಇರುವುದಿಲ್ಲ. ತಪ್ಪು ಇಬ್ಬರದ್ದೂ ಅಲ್ಲ, ಆದರೆ ಜಗಳ ಇಬ್ಬರ ನಡುವೆಯೇ ಆಗುತ್ತದೆ. ಬಾಡಿಗೆ ಉಳಿಯಿತು ಎಂದು ಲೆಕ್ಕ ಹಾಕುವಾಗ ದಿನಕ್ಕೆ ಹೋದ ಆ ಎರಡು ಮೂರು ತಾಸನ್ನು ಯಾರೂ ಖರ್ಚಿಗೆ ಸೇರಿಸುವುದಿಲ್ಲ. ನೀನು ಸೇರಿಸು. ಮದುವೆಯಾಗಿ ಮೊದಲ ಒಂದೆರಡು ವರ್ಷ ಇಬ್ಬರಿಗೂ ಸಂಜೆ ಒಟ್ಟಿಗೆ ಸಿಗಬೇಕು ಮಾರಾಯ್ತಿ, ಮನೆ ಚಿಕ್ಕದಾದರೂ ಪರವಾಗಿಲ್ಲ. ಮಕ್ಕಳ ಶಾಲೆ, ಊರಿನ ನಾಲ್ಕು ಜನ ಎಲ್ಲ ಅಲ್ಲೇ ಇದ್ದು ಷಾರ್ಜಾದಲ್ಲಿ ಸುಖವಾಗಿರುವವರು ಬೇಕಾದಷ್ಟು ಉಂಟು. ಹೊಸದಾಗಿ ಬರುವ ಇಬ್ಬರಿಗೆ ನಾನು ಅದನ್ನು ಹೇಳುವುದಿಲ್ಲ.

ನಮ್ಮವರ ಆಫೀಸು ದುಬೈಯ ದೇರಾದಲ್ಲಿ, ಹಾಗಾಗಿ ನಾವು ಮೊದಲಿನಿಂದಲೂ ಅಲ್ ಕುಸೈಸ್‌ನಲ್ಲಿ, ಸ್ಟೇಡಿಯಂ ಮೆಟ್ರೋ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ ಇದ್ದೇವೆ. ಗ್ರೀನ್ ಲೈನಿನಲ್ಲಿ ಅವರು ಹೋಗಿ ಬರುವುದು, ಕಾರು ಬೇಕೆಂದಿಲ್ಲ. ಮನೆ ಸಣ್ಣದೇ. ಆದರೆ ಸಂಜೆ ಆರೂವರೆಗೆ ಚಾ ಇಬ್ಬರೂ ಒಟ್ಟಿಗೆ ಕುಡಿಯುತ್ತೇವೆ. ನಿನ್ನ ಗಂಡನ ಆಫೀಸು ಜೆಬೆಲ್ ಅಲಿ ಕಡೆ ಇದ್ದರೆ ಕುಸೈಸ್ ಕೂಡ ದೂರವೇ, ಆಗ ಡಿಸ್ಕವರಿ ಗಾರ್ಡನ್ಸ್ ಸುತ್ತಮುತ್ತ ನೋಡಬೇಕು. ಮೊದಲು ಆಫೀಸು ಎಲ್ಲಿ ನೋಡು, ಆಮೇಲೆ ಮೆಟ್ರೋ ಲೈನು, ಬಾಡಿಗೆ ಕೊನೆಗೆ.

ಬಾಡಿಗೆ ಅಲ್ಲಿ ನಮ್ಮಲ್ಲಿಯ ಹಾಗೆ ತಿಂಗಳು ತಿಂಗಳು ಕೊಡುವುದಲ್ಲ. ವರ್ಷದ ಮೊತ್ತವನ್ನು ಎರಡೋ ನಾಲ್ಕೋ ಮುಂದಿನ ತಾರೀಕಿನ ಚೆಕ್ಕಾಗಿ ಮೊದಲೇ ಬರೆದು ಕೊಡಬೇಕು. ಚೆಕ್ಕು ಎಷ್ಟು ಕಡಿಮೆಯೋ ಬಾಡಿಗೆಯಲ್ಲಿ ಅಷ್ಟು ಚೌಕಾಸಿ ನಡೆಯುತ್ತದೆ. ಏಜೆಂಟರಿಗೆ ಸಾಮಾನ್ಯವಾಗಿ ವರ್ಷದ ಬಾಡಿಗೆಯ 5 ಶೇಕಡಾ, ಮಾಲಕರಿಗೆ ಡಿಪಾಸಿಟ್ಟು ಇನ್ನೊಂದು 5 ಶೇಕಡಾ, ಕರೆಂಟು ನೀರು ಕೊಡುವ ದೇವಾ (DEWA) ಎಂಬ ಸಂಸ್ಥೆಗೆ ಫ್ಲ್ಯಾಟಿಗೆ 2000 ದಿರ್ಹಮ್ ಡಿಪಾಸಿಟ್ಟು. ಅದೇ ದೇವಾ ಬಿಲ್ಲಿನಲ್ಲಿ ವರ್ಷದ ಬಾಡಿಗೆಯ 5 ಶೇಕಡಾ ಹೌಸಿಂಗ್ ಫೀಸು ತಿಂಗಳು ತಿಂಗಳು ಸೇರಿಕೊಂಡು ಬರುತ್ತದೆ. ಮೊದಲ ಬಿಲ್ಲು ನೋಡಿ ಗಾಬರಿಯಾಗಬೇಡ. ಬಾಡಿಗೆ ಕರಾರನ್ನು ಇಜಾರಿ, ಅಂದರೆ ಸರ್ಕಾರದಲ್ಲಿ ನೋಂದಣಿ, ಮಾಡಿಸಲೇಬೇಕು, ಅದಿಲ್ಲದೆ ದೇವಾ ಕನೆಕ್ಷನ್ನೂ ಇಲ್ಲ, ಬೇರೆ ಕೆಲಸವೂ ಮುಂದೆ ಹೋಗುವುದಿಲ್ಲ. ಜಾಹೀರಾತಿನಲ್ಲಿ ‘ಚಿಲ್ಲರ್ ಫ್ರೀ’ ಉಂಟೋ ನೋಡು. ಕೆಲವು ಹೊಸ ಕಟ್ಟಡಗಳಲ್ಲಿ ಎಸಿಯ ತಂಪಿಗೆ ಬೇರೆಯೇ ಕಂಪನಿಯ ಬೇರೆಯೇ ಬಿಲ್ಲು ಬರುತ್ತದೆ. ಬೇಸಿಗೆಯಲ್ಲಿ ಆ ಬಿಲ್ಲು ಸಣ್ಣದಲ್ಲ.

ಇನ್ನೊಂದು ಫ್ಯಾಮಿಲಿಯ ಫ್ಲ್ಯಾಟಿನಲ್ಲಿ ಒಂದು ರೂಮು ತೆಗೆದುಕೊಂಡು ಅಡುಗೆಮನೆ ಹಂಚಿಕೊಳ್ಳುವ ಶೇರಿಂಗ್ ಪದ್ಧತಿಯೂ ಉಂಟು. ದುಡ್ಡು ಉಳಿಯುತ್ತದೆ. ಆದರೆ ಮಾಲಕರ ಒಪ್ಪಿಗೆ ಇರಬೇಕು, ಮತ್ತೆ 2022ರಿಂದ ಮನೆಯಲ್ಲಿ ಇರುವವರೆಲ್ಲರ ಹೆಸರು ನೋಂದಾಯಿಸಬೇಕೆಂಬ ನಿಯಮ ಬಂದಿದೆ. ಇವೆರಡೂ ಇಲ್ಲದ ಕಡೆಗೆ ಎಷ್ಟು ಅಗ್ಗವಾದರೂ ಹೋಗಬೇಡ.

ಯಾವಾಗ ಬರುವುದು ಎಂದು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ: ನವೆಂಬರಿನಲ್ಲಿ ಬಾ. ಜೂನ್, ಜುಲೈಯಲ್ಲಿ ಬಂದಿಳಿದರೆ ಆ ಊರಿನ ಮೇಲೆ ಪ್ರೀತಿ ಹುಟ್ಟುವುದು ಕಷ್ಟ. ಬಿಸಿಲು 45 ಡಿಗ್ರಿ ದಾಟುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಿನಲ್ಲಿ ಕೂಲಿ ಕೆಲಸ ಮಾಡಿಸಬಾರದೆಂದು ಕಾನೂನೇ ಉಂಟು. ನಲ್ಲಿ ತಿರುಗಿಸಿದರೆ ತಣ್ಣೀರಿನ ಬದಲು ಟೆರೇಸಿನ ಟ್ಯಾಂಕಿಯಲ್ಲಿ ಕಾದ ನೀರು ಬರುತ್ತದೆ, ಕೈ ಇಡಲಾಗುವುದಿಲ್ಲ. ಅದಕ್ಕೊಂದು ಉಪಾಯ ಉಂಟು. ಮೇ ಮುಗಿಯುವಾಗ ಬಾತ್‌ರೂಮಿನ ಹೀಟರಿನ ಸ್ವಿಚ್ಚು ಆಫ್ ಮಾಡಿಬಿಡುವುದು. ಹೀಟರಿನ ಟ್ಯಾಂಕಿ ಇರುವುದು ಎಸಿ ತಂಪಿನ ಮನೆಯೊಳಗೆ, ಅದರಲ್ಲಿ ನಿಂತ ನೀರು ನಿಧಾನ ಆರುತ್ತದೆ. ಆಮೇಲೆ ಬಿಸಿನೀರಿನ ಕೆಂಪು ಗುರುತಿನ ನಲ್ಲಿಯಲ್ಲಿ ತಣ್ಣೀರು, ನೀಲಿ ಗುರುತಿನದ್ದರಲ್ಲಿ ಬಿಸಿನೀರು. ಪಕ್ಕದ ಮನೆಯ ಮಲಯಾಳಿ ಚೇಚಿ ನನಗೆ ಹೇಳಿಕೊಟ್ಟದ್ದು, ಈಗ ನಿನಗೆ ಹೇಳಿದೆ.

ನವೆಂಬರಿನಲ್ಲಿ ಬಂದರೆ ನಾಲ್ಕೈದು ತಿಂಗಳು ನಡೆಯಬಹುದು, ಪಾರ್ಕಿನಲ್ಲಿ ಕೂರಬಹುದು, ಬಸ್ಸು ಮೆಟ್ರೋ ಕಲಿಯಬಹುದು. ನಿನ್ನ ಕೆಲಸಕ್ಕೂ ಅದೇ ಸರಿಯಾದ ಕಾಲ. ಅಲ್ಲಿಯ ಸಿಬಿಎಸ್‌ಇ ಶಾಲೆಗಳ ವರ್ಷ ಏಪ್ರಿಲಿನಲ್ಲಿ ಶುರುವಾಗುತ್ತದೆ, ಅದಕ್ಕೆ ಮೊದಲು ಅರ್ಜಿ ಹಾಕಿ ಇಂಟರ್‌ವ್ಯೂ ಕೊಡಲು ನಿನಗೆ ಸಮಯ ಸಿಗುತ್ತದೆ. ನಿನ್ನದು ಬಿ.ಎಡ್. ಆಗಿದೆಯಲ್ಲ, ಅದು ದೊಡ್ಡ ಆಸ್ತಿ. ಡಿಗ್ರಿ, ಬಿ.ಎಡ್. ಎರಡರ ಅಟೆಸ್ಟೇಶನ್, ಅಂದರೆ ಸರ್ಕಾರಿ ಮುದ್ರೆಯ ದೃಢೀಕರಣ, ಹೊರಡುವ ಮೊದಲೇ ಇಲ್ಲಿ ಮಾಡಿಸು. ಅಲ್ಲಿಗೆ ಹೋದ ಮೇಲೆ ಕಾಗದ ಊರಿಗೆ ಕಳಿಸಿ, ಅಪ್ಪನನ್ನು ಓಡಾಡಿಸಿ, ತಿಂಗಳುಗಟ್ಟಲೆ ಕಾಯುವ ಗ್ರಹಚಾರ ಬೇಡ. ಮದುವೆ ಸರ್ಟಿಫಿಕೇಟೂ ಹಾಗೆಯೇ. ಮದುವೆ ಮಂಟಪದ ರಶೀದಿ, ಕರೆಯೋಲೆ ಅಲ್ಲ, ಸಬ್ ರಿಜಿಸ್ಟ್ರಾರ್ ಕಚೇರಿಯ ಸರ್ಟಿಫಿಕೇಟು ಬೇಕು. ಅದಕ್ಕೆ ರಾಜ್ಯ ಸರ್ಕಾರದ, ದೆಹಲಿಯ ವಿದೇಶಾಂಗ ಇಲಾಖೆಯ, ಯುಎಇ ರಾಯಭಾರ ಕಚೇರಿಯ ಮುದ್ರೆ ಬೀಳಬೇಕು, ಕೊನೆಗೆ ಅಲ್ಲಿಯ ವಿದೇಶಾಂಗ ಇಲಾಖೆಯದ್ದು. ಉಡುಪಿ, ಮಂಗಳೂರಿನ ಟ್ರಾವೆಲ್ ಏಜೆಂಟರು ಇದನ್ನು ಮಾಡಿಸಿಕೊಡುತ್ತಾರೆ, ಆದರೆ ವಾರಗಳೇ ಹಿಡಿಯುತ್ತದೆ. ಇದಿಲ್ಲದೆ ಗಂಡ ನಿನಗೆ ವೀಸಾ ಮಾಡಿಸಲಾಗುವುದಿಲ್ಲ. ಅವನ ಸಂಬಳ 4000 ದಿರ್ಹಮ್, ಅಥವಾ ಕಂಪನಿಯ ಮನೆ ಇದ್ದರೆ 3000 ಇರಬೇಕು ಎಂಬ ನಿಯಮವೂ ಉಂಟು. ನೀನು ಹೇಳಿದ ಪ್ರಕಾರ ಆ ತೊಂದರೆ ನಿಮಗಿಲ್ಲ.

ಕೆಲಸ ಸಿಗುವ ತನಕ ದಿನ ಹೇಗೆ ಕಳೆಯುವುದು? ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಗಂಡ ಏಳೂವರೆಗೆ ಹೊರಡುತ್ತಾನೆ, ಒಂಬತ್ತಕ್ಕೆ ಅಡುಗೆ ಕಸ ಎಲ್ಲ ಮುಗಿಯುತ್ತದೆ. ಊರಿನಲ್ಲಿ ಆಗ ಹತ್ತೂವರೆ, ಅಮ್ಮ ಕೆಲಸದಲ್ಲಿರುತ್ತಾರೆ. ವಾಟ್ಸ್ಆ್ಯಪ್‌ನಲ್ಲಿ ಕರೆ ಹೋಗುವುದಿಲ್ಲ, ಬೋಟಿಮ್ ಎಂಬ ಆ್ಯಪ್ ಹಾಕಿಸಿ ಅಮ್ಮನಿಗೂ ಈಗಲೇ ಕಲಿಸಿ ಇಡು. ಆದರೆ ದಿನಕ್ಕೆ ನಾಲ್ಕು ಸಲ ಊರಿಗೆ ಮಾತಾಡುತ್ತಾ ಕುಳಿತರೆ ದೇಹ ಮಾತ್ರ ದುಬೈಯಲ್ಲಿ ಇರುತ್ತದೆ. ಹೊರಗೆ ಹೊರಡು. ಮೆಟ್ರೋ, ಬಸ್ಸಿನ ಟಿಕೆಟಿಗೆ ಬೇಕಾದ ನೋಲ್ ಕಾರ್ಡು ನಿನ್ನದೇ ಬೇರೆ ಮಾಡಿಸು. ಮೆಟ್ರೋದಲ್ಲಿ ಹೆಂಗಸರಿಗೂ ಮಕ್ಕಳಿಗೂ ಬೇರೆ ಕ್ಯಾಬಿನ್ ಉಂಟು, ಹೆದರಿಕೆ ಎಂಬುದು ಇಲ್ಲ. ಒಳಗೆ ತಿಂದರೆ ಮಾತ್ರ 100 ದಿರ್ಹಮ್ ದಂಡ.

ನನಗೆ ಮನಸ್ಸು ಭಾರವಾದ ದಿನ ನಾನು ಬರ್ ದುಬೈಗೆ ಹೋಗಿ ಅಬ್ರಾ ಹತ್ತುತ್ತೇನೆ. ಅದು ಊರಿನೊಳಗೆ ಚಾಚಿದ ಕಡಲ ಖಾರಿ ದಾಟಿಸುವ ಮರದ ದೋಣಿ, ಒಂದು ದಿರ್ಹಮ್ ಟಿಕೆಟು. ನಡುವಿನ ಹಲಗೆಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಎಲ್ಲರೂ ನೀರಿನ ಕಡೆ ಮುಖ ಮಾಡಿ ಕೂರುತ್ತಾರೆ. ಪಕ್ಕದಲ್ಲಿ ಪಠಾಣನೋ, ಫಿಲಿಪಿನೋ ನರ್ಸೋ, ಕಾಸರಗೋಡಿನ ಅಂಗಡಿಯವರೋ ಇರುತ್ತಾರೆ. ಡೀಸೆಲ್ ವಾಸನೆ, ಉಪ್ಪುಗಾಳಿ, ಇಂಜಿನಿನ ಸದ್ದು, ಕಣ್ಣು ಮುಚ್ಚಿದರೆ ಮಲ್ಪೆ ಬಂದರೇ. ಆಚೆ ಇಳಿದರೆ ದೇರಾದ ಮಸಾಲೆ ಮಾರುಕಟ್ಟೆ. ಎಲ್ಲೆಡೆ ಮಾಲ್ ಎಂದು ಕೇಳಿ ಬರುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಡ್ರೈವಿಂಗ್ ಲೈಸೆನ್ಸಿಗೆ ಬಂದ ವರ್ಷವೇ ಹೆಸರು ಕೊಡು. ನಮ್ಮ ಲೈಸೆನ್ಸು ತೋರಿಸಿ ಅಲ್ಲಿಯದನ್ನು ತೆಗೆದುಕೊಳ್ಳಲು ಆಗುವುದಿಲ್ಲ, ಟೆಸ್ಟು ಹೊಸದಾಗಿ ಆಗಬೇಕು, ಸಾಮಾನ್ಯವಾಗಿ ಕ್ಲಾಸೂ; ಅಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸುವುದು. ಖರ್ಚು ಹೆಚ್ಚು, ಆದರೆ ಗಂಡನಿಗೆ ಮಾತ್ರ ಸಾಕು ಎಂದು ಒಪ್ಪಬೇಡ. ಬ್ಯಾಂಕ್ ಖಾತೆಯೂ ನಿನ್ನ ಹೆಸರಿನಲ್ಲಿ ಒಂದಿರಲಿ. ಇದು ಗಂಡನ ಮೇಲೆ ಅಪನಂಬಿಕೆಯ ಮಾತಲ್ಲ. ನಿನ್ನ ವೀಸಾ ಅವನ ವೀಸಾದ ಮೇಲೆ ನಿಂತಿದೆ, ಅವನದ್ದು ಕೆಲಸದ ಮೇಲೆ. ಕೆಲಸ ಹೋದರೆ ಇಬ್ಬರೂ ಗಡುವಿನೊಳಗೆ ದಾರಿ ನೋಡಿಕೊಳ್ಳಬೇಕು. ಆಗ ಕೈಯಲ್ಲಿ ಇಬ್ಬರ ದುಡಿಮೆ, ಇಬ್ಬರ ಉಳಿತಾಯ ಇದ್ದರೆ ಧೈರ್ಯ. ನೀನು ಗಂಡನ ವೀಸಾದಲ್ಲೇ ಇದ್ದು ಕೆಲಸ ಮಾಡಬಹುದು, ಸೇರಿಸಿಕೊಳ್ಳುವವರು ವರ್ಕ್ ಪರ್ಮಿಟ್ ತೆಗೆದುಕೊಟ್ಟರೆ ಆಯಿತು.

ದುಡ್ಡಿನ ಮಾತು ಬಂದದ್ದಕ್ಕೆ ಇನ್ನೊಂದು. ನಮಗೆ ಅಲ್ಲಿ ಪಿಎಫ್ ಇಲ್ಲ, ಪಿಂಚಣಿ ಇಲ್ಲ. ಕೆಲಸ ಬಿಡುವಾಗ ಸಿಗುವುದು ಗ್ರ್ಯಾಚುಯಿಟಿ: ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಸಂಬಳ, ಆಮೇಲೆ ವರ್ಷಕ್ಕೆ 30 ದಿನದ್ದು. ಲೆಕ್ಕ ಹಾಕುವುದು ಬೇಸಿಕ್ ಮೇಲೆ ಮಾತ್ರ, ಹಾಗಾಗಿ ಗಂಡನ ಕಾಂಟ್ರಾಕ್ಟಿನಲ್ಲಿ ಬೇಸಿಕ್ ಎಷ್ಟು ಎಂದು ಕೂತು ನೋಡಿ. ಊರಿಗೆ ತಿಂಗಳಿಗೆ ಎಷ್ಟು ಕಳಿಸುವುದು ಎಂದು ಇಬ್ಬರೂ ಒಟ್ಟಿಗೆ ನಿರ್ಧರಿಸಿ, ಎರಡೂ ಮನೆಯವರಿಗೆ ಮೊದಲೇ ಹೇಳಿಬಿಡಿ. ದಿರ್ಹಮಿನ ಬೆಲೆ ಡಾಲರಿಗೆ ಕಟ್ಟಿದ್ದು, ಡಾಲರಿನ ಎದುರು ರೂಪಾಯಿ ಇಳಿದರೆ ದಿರ್ಹಮಿಗೂ ಹೆಚ್ಚು ರೂಪಾಯಿ ಸಿಗುತ್ತದೆ. ರೂಪಾಯಿ ಇಳಿದ ತಿಂಗಳು ಹೆಚ್ಚು ಬಂತು ಎಂದು ಇಲ್ಲಿ ಖರ್ಚು ಏರಿಸಿಕೊಂಡರೆ ಮತ್ತೆ ಇಳಿಸುವುದು ಕಷ್ಟ.

ಇಬ್ಬರೇ ಇರುವ ಮನೆಯಲ್ಲಿ ಜಗಳವಾದರೆ ನಡುವೆ ಬರಲು ಅತ್ತೆಯೂ ಇಲ್ಲ, ಅಮ್ಮನೂ ಇಲ್ಲ. ಅದು ಒಳ್ಳೆಯದೂ ಹೌದು, ಕಷ್ಟವೂ ಹೌದು. ಊರಿಗೆ ಫೋನು ಮಾಡಿ ಅವನ ಮೇಲೆ ದೂರು ಹೇಳಬೇಡ, ಅವನಿಗೂ ಹಾಗೆ ಮಾಡಬೇಡ ಎನ್ನು. ನೀವು ರಾತ್ರಿಗೆ ರಾಜಿಯಾಗಿರುತ್ತೀರಿ, ಇಲ್ಲಿ ಅವರು ವಾರಗಟ್ಟಲೆ ನಿದ್ದೆ ಬಿಟ್ಟಿರುತ್ತಾರೆ.

ಊರಿನ ಬಳಕೆ ತಪ್ಪುವುದಿಲ್ಲ, ಆ ಚಿಂತೆ ಬೇಡ. ಕುಚ್ಚಲಕ್ಕಿ, ಬಂಗುಡೆ, ತೆಂಗಿನೆಣ್ಣೆ ಎಲ್ಲ ಸಿಗುತ್ತದೆ. ಬಸ್ಸಿನಲ್ಲಿ ಹಿಂದಿನ ಸೀಟಿನವರು ತುಳುವಿನಲ್ಲಿ ಮಾತಾಡುವುದು ಕೇಳುತ್ತದೆ. ಯಕ್ಷಗಾನ ಕಲಿಸುವವರಿದ್ದಾರೆ, ಮಕ್ಕಳಿಗೆ ಕನ್ನಡ ಪಾಠವೂ ನಡೆಯುತ್ತದೆ. ಜೆಬೆಲ್ ಅಲಿಯಲ್ಲಿ 2022ರಲ್ಲಿ ದೇವಸ್ಥಾನ ಆಗಿದೆ. ಸೂಟ್‌ಕೇಸು ತುಂಬುವಾಗ ಒಂದು ಮಾತ್ರ ನೆನಪಿಡು: ಗಸಗಸೆ ಒಂದು ಚಿಟಿಕೆಯೂ ಬೇಡ. ಅಲ್ಲಿ ಅದು ಮಾದಕವಸ್ತುವಿನ ಲೆಕ್ಕ, ಜೈಲಿಗೆ ಹೋದವರಿದ್ದಾರೆ. ಅತ್ತೆ ಪ್ರೀತಿಯಿಂದ ಮಾಡಿಕೊಡುವ ಮಸಾಲೆ ಪುಡಿಯಲ್ಲಿ ಗಸಗಸೆ ಹಾಕಿದ್ದಾರೋ ಕೇಳು. ಕೊಡೀನ್, ಟ್ರಮಡಾಲ್ ಇರುವ ಮಾತ್ರೆ, ಕೆಮ್ಮಿನ ಔಷಧಿಯನ್ನೂ ಅಲ್ಲಿಯ ಸರ್ಕಾರದ ಅನುಮತಿ ಇಲ್ಲದೆ ಒಯ್ಯಬೇಡ.

ಕಾಲೇಜಿಗೆ ಈಗಲೇ ರಾಜೀನಾಮೆ ಕೊಡಬೇಡ. ಸಂಬಳವಿಲ್ಲದ ರಜೆ ಕೊಡುತ್ತಾರೋ ಪ್ರಿನ್ಸಿಪಾಲರನ್ನು ಕೇಳು, ಅಟೆಸ್ಟೇಶನ್ನಿಗೆ ಇದೇ ವಾರ ಕಾಗದ ಕೊಡು. ಗಂಡನ ಆಫೀಸು ಯಾವ ಏರಿಯಾ, ಕೆಲಸ ವಾರಕ್ಕೆ ಐದು ದಿನವೋ ಆರೋ, ಎರಡನ್ನೂ ಕೇಳಿ ನನಗೆ ತಿಳಿಸು. ಆಗಸ್ಟ್ ಕೊನೆಯ ತನಕ ನಾನು ಉಡುಪಿಯಲ್ಲೇ ಇರುತ್ತೇನೆ. ಒಂದು ಭಾನುವಾರ ಕಾಗದಪತ್ರ ಎಲ್ಲ ಹಿಡಿದುಕೊಂಡು ಅಮ್ಮನ ಜೊತೆ ಮನೆಗೇ ಬಾ, ಮ್ಯಾಪು ತೆರೆದಿಟ್ಟು ಸ್ಟೇಷನ್ ಸ್ಟೇಷನ್ ನೋಡಿ ನಾಲ್ಕು ಕಟ್ಟಡ ಗುರುತು ಹಾಕಿ ಕೊಡುತ್ತೇನೆ.