ಹದಿನೈದು ನಿಮಿಷದ ಮೀಟಿಂಗು ಐವತ್ತು ನಿಮಿಷ ಆದದ್ದು

ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಅವರನ್ನು ಇಲ್ಲಿ ರಾಯರು ಎನ್ನೋಣ. ವಯಸ್ಸು 46, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ 11 ವರ್ಷ ಪ್ರಾಜೆಕ್ಟ್ ಮ್ಯಾನೇಜರ್ ಆಗಿದ್ದವರು. ಕೌನ್ಸೆಲಿಂಗ್‌ಗೆಂದು ನನ್ನ ಹತ್ತಿರ ಕರೆದುಕೊಂಡು ಬಂದದ್ದು ಅವರ ಹೆಂಡತಿ.

"ರಾತ್ರಿ ಎರಡು ಗಂಟೆಗೆ ಎದ್ದು ಲ್ಯಾಪ್‌ಟಾಪ್ ತೆಗೀತಾರೆ ಮೇಡಂ. ಕೇಳಿದ್ರೆ ಬೋರ್ಡ್ ನೋಡ್ತಿದ್ದೀನಿ ಅಂತಾರೆ."

ಯಾವ ಬೋರ್ಡ್ ಎಂದು ನನಗೂ ತಿಳಿಯಲಿಲ್ಲ. ಯಾರ ಕೆಲಸ ಎಲ್ಲಿಗೆ ಬಂತು ಎಂದು ತೋರಿಸುವ, ಜಿರಾ ಎಂಬ ಸಾಫ್ಟ್‌ವೇರಿನ ಬೋರ್ಡಂತೆ.

ಹಿಂದಿನ ವರ್ಷದವರೆಗೆ ಅವರದು ಹಳೇ ಕ್ರಮ. ಮೊದಲು ಏನು ಬೇಕೆಂದು ಬರೆದುಕೊಳ್ಳುವುದು, ಆಮೇಲೆ ಡಿಸೈನ್, ಕೋಡಿಂಗ್, ಕೊನೆಗೆ ಟೆಸ್ಟಿಂಗ್. ಆರು ತಿಂಗಳ ಪ್ಲಾನ್ ರಾಯರ ಎಕ್ಸೆಲ್ ಶೀಟಿನಲ್ಲಿರುತ್ತಿತ್ತು. ಒಂದು ದಿನ ಮೇಲಿನವರು ಇನ್ನು ಅಜೈಲ್ ಎಂದರು, ಅಂದರೆ ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿ ಮುಗಿಸುತ್ತಾ ಹೋಗುವ ಕ್ರಮ. ಎರಡು ದಿನ ಟ್ರೈನಿಂಗ್ ಆಯಿತು, ರಾಯರು ಸ್ಕ್ರಮ್ ಮಾಸ್ಟರ್ ಆದರು, ಅಂದರೆ ಟೀಮಿಗೆ ಆಜ್ಞೆ ಕೊಡುವವರಲ್ಲ, ನೆರವಾಗುವವರು. ಸ್ಕ್ರಮ್ ಅಜೈಲ್‌ನ ಒಂದು ವಿಧಾನ, ಅದರಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಎಂಬ ಹುದ್ದೆಯೇ ಇಲ್ಲ. ಸ್ಪ್ರಿಂಟ್ ಎಂಬ ಎರಡು ವಾರದ ಕಂತಿನಲ್ಲಿ ಎಷ್ಟು ಕೆಲಸ ಹಿಡಿಸುತ್ತದೆ ಎಂದು ಹೇಳಬೇಕಾದವರು ಕೆಲಸ ಮಾಡುವ ಹುಡುಗರೇ.

ಗ್ರಾಹಕರ ಜೊತೆಗಿನ ಕರಾರು ಮಾತ್ರ ಹಾಗೇ ಉಳಿಯಿತು. ಅದೇ ದುಡ್ಡು, ಅದೇ ತಾರೀಖು. ಶುಕ್ರವಾರದ ಕಾಲ್‌ನಲ್ಲಿ ಡೆಲಿವರಿ ಹೆಡ್ "ಯಾವಾಗ ಮುಗಿಯುತ್ತೆ?" ಎಂದು ಕೇಳುವುದು ರಾಯರನ್ನೇ. ಅಧಿಕಾರ ಹೋಯಿತು, ಉತ್ತರ ಕೊಡುವ ಹೊಣೆ ಹೋಗಲಿಲ್ಲ.

ಸ್ಟ್ಯಾಂಡ್-ಅಪ್ ಎಂಬ ಟೀಮಿನ ಬೆಳಗಿನ ಮೀಟಿಂಗು 15 ನಿಮಿಷದಲ್ಲಿ ಮುಗಿಯಬೇಕು. ಇವರದು 50 ನಿಮಿಷ. ಒಬ್ಬೊಬ್ಬರನ್ನೂ ನಿಲ್ಲಿಸಿ ನಿನ್ನೆ ಏನಾಯ್ತು, ಯಾಕೆ ಆಗಿಲ್ಲ ಎಂಬ ವಿಚಾರಣೆ. ಎಲ್ಲದಕ್ಕೂ ಮೂಗು ತೂರಿಸ್ತಾರೆ ಎಂದು ಎಚ್‌ಆರ್‌ಗೆ ದೂರು ಹೋಯಿತು.

"ಕೇಳಿದ ಮೇಲೆ ನಿಮಗೆ ಹೇಗನ್ನಿಸುತ್ತೆ ಸರ್?" ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅರ್ಧ ಗಂಟೆ ಸಮಾಧಾನ ಮೇಡಂ. ಆಮೇಲೆ ಮತ್ತೆ ಶುರು."

ಬೀಗ ಹಾಕಿದ ಮೇಲೂ ನಾಲ್ಕು ಸಲ ಎಳೆದು ನೋಡುತ್ತಾರಲ್ಲ, ಹಾಗೆ. ಆ ಪ್ರಶ್ನೆಗಳು ಕೆಲಸಕ್ಕಾಗಿ ಇರಲಿಲ್ಲ, ತಮ್ಮದೇ ಭಯ ತಣಿಸಲು ಇದ್ದವು. ರಾತ್ರಿಯ ಲ್ಯಾಪ್‌ಟಾಪೂ ಅದೇ.

ಕಂಪನಿಯ ತಪ್ಪು ಕಡಿಮೆಯೇನಲ್ಲ. ಕೆಲಸ ಎಷ್ಟು ದೊಡ್ಡದು ಎಂದು ಅಂದಾಜು ಮಾಡುವ ಸ್ಟೋರಿ ಪಾಯಿಂಟನ್ನು ಅಪ್ರೈಸಲ್‌ಗೆ ಸೇರಿಸಿದರು. ಹುಡುಗರು ಮೂರು ಪಾಯಿಂಟಿನ ಕೆಲಸಕ್ಕೆ ಎಂಟು ಹಾಕತೊಡಗಿದರು. ನಾನಾಗಿದ್ದರೂ ಹಾಕುತ್ತಿದ್ದೆ! 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಜನ ಸೇರಿ ಬರೆದ ಅಜೈಲ್ ಘೋಷಣೆಯನ್ನು ರಾಯರೇ ಮೊಬೈಲಿನಲ್ಲಿ ತೋರಿಸಿದರು. "ಇದ್ರಲ್ಲಿ ಟೂಲ್‌ಗಿಂತ ಜನ ಮುಖ್ಯ ಅಂತಿದೆ. ನಮ್ಮಲ್ಲಿ ಮೊದಲು ಬಂದಿದ್ದೇ ಟೂಲು."

ನಿದ್ದೆ ಮತ್ತು ಬಿಪಿಗೆ ಮೊದಲು ಡಾಕ್ಟರ್ ಹತ್ತಿರ ಕಳಿಸಿದೆ. ಲ್ಯಾಪ್‌ಟಾಪ್ ಮಲಗುವ ಕೋಣೆಯಿಂದ ಹೊರಗೆ. ಎರಡು ವಾರ ಸ್ಟ್ಯಾಂಡ್-ಅಪ್‌ನಲ್ಲಿ ಒಂದೂ ಪ್ರಶ್ನೆ ಕೇಳಬಾರದು, ಹಿಂದೆ ನಿಲ್ಲಬೇಕು. ಕೇಳಲೇಬೇಕೆನ್ನಿಸಿದಾಗ ಆ ತಳಮಳಕ್ಕೆ ಹತ್ತಕ್ಕೆ ಎಷ್ಟು ಎಂದು ಡೈರಿಯಲ್ಲಿ ಬರೆಯಬೇಕು. ತಾನು ಏನನ್ನು ನಿರ್ಧರಿಸಬಹುದು, ಏನನ್ನು ಆಗಲ್ಲ, ತಾರೀಖು ಗಟ್ಟಿಯಾದರೆ ಯಾವ ಕೆಲಸ ಬಿಡಬಹುದು ಎಂದು ಒಂದು ಪುಟ ಬರೆದು ಡೆಲಿವರಿ ಹೆಡ್‌ಗೆ ಕೊಡಬೇಕು. ಇನ್ನೊಂದು, ಟೀಮಿನ ಮುಂದೆ "ಭಯಕ್ಕೆ ಜಾಸ್ತಿ ಕೇಳ್ತಿದ್ದೆ" ಎಂದು ಹೇಳಿಕೊಳ್ಳುವುದು. ಅದಕ್ಕೆ ಮಾತ್ರ ಒಪ್ಪಲಿಲ್ಲ. "ಹುಡುಗರ ಮುಂದೆ ಸಣ್ಣವನಾಗ್ತೀನಿ." ಒತ್ತಾಯಿಸಲಿಲ್ಲ.

ಮೊದಲ ದಿನ ಡೈರಿಯಲ್ಲಿ 9 ಇತ್ತು. ನಾಲ್ಕನೇ ಸಲ ಬಂದಾಗ 5. ಸ್ಟ್ಯಾಂಡ್-ಅಪ್ 20 ನಿಮಿಷಕ್ಕೆ ಇಳಿದಿತ್ತು. ಅದಕ್ಕಿಂತ ದೊಡ್ಡದು, ಹುಡುಗನೊಬ್ಬ ತಾನಾಗಿ ಬಂದು "ಸರ್, ಎರಡು ದಿನದಿಂದ ನನ್ನ ಕೆಲಸ ನಿಂತಿದೆ, ಹೆಲ್ಪ್ ಬೇಕು" ಎಂದನಂತೆ. ಐವತ್ತು ನಿಮಿಷ ಕೇಳಿದಾಗ ಒಂದು ದಿನವೂ ಬಾರದ ಮಾತು. ಆ ಸಂಜೆಯೇ ರಾಯರು ಭಯದ ವಿಷಯವನ್ನೂ ಅವನ ಹತ್ತಿರ ಹೇಳಿಕೊಂಡರು.

ಡೆಲಿವರಿ ಹೆಡ್‌ನಿಂದ ಉತ್ತರ ಇನ್ನೂ ಬಂದಿಲ್ಲ. ಗುರುವಾರದ ರಾತ್ರಿ ಮಾತ್ರ ಈಗಲೂ ನಿದ್ದೆ ಕಷ್ಟ.