ಕಂಬಳದ ಕಾನೂನು ಮಾಡಿದ್ದು ನಮ್ಮ ವಿಧಾನಸಭೆ, ರಾಷ್ಟ್ರಪತಿಯವರ ಅಂಕಿತ ಯಾಕೆ ಬೇಕಾಯ್ತು?

ಪ್ರಾಣಿಹಿಂಸೆ ತಡೆ ಸಮವರ್ತಿ ಪಟ್ಟಿಯಲ್ಲಿರುವುದರಿಂದ. ಸಂವಿಧಾನದ 7ನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ರಕ್ಷಣೆ, ರೈಲ್ವೆ ಕೇಂದ್ರದ್ದು. ಪೊಲೀಸು, ಕೃಷಿ ರಾಜ್ಯದ್ದು. ಮೂರನೆಯದಾದ ಸಮವರ್ತಿ ಪಟ್ಟಿಯ ವಿಷಯಗಳಲ್ಲಿ ಇಬ್ಬರೂ ಕಾನೂನು ಮಾಡಬಹುದು, ಜಟಾಪಟಿ ಹೆಚ್ಚು ಅಲ್ಲೇ.

ಕಂಬಳದ ವಿಷಯದಲ್ಲಿ ಕೇಂದ್ರದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಮೊದಲೇ ಇತ್ತು. ಎರಡು ಕಾನೂನು ಡಿಕ್ಕಿ ಹೊಡೆದರೆ 254ನೇ ವಿಧಿಯಂತೆ ಕೇಂದ್ರದ್ದೇ ಮೇಲುಗೈ. ಆದರೆ ಅದೇ ವಿಧಿ ಒಂದು ಕಿಂಡಿಯನ್ನೂ ಬಿಟ್ಟಿದೆ: ರಾಜ್ಯದ ಮಸೂದೆಗೆ ರಾಷ್ಟ್ರಪತಿಯವರ ಅಂಕಿತ ಸಿಕ್ಕರೆ, ಆ ರಾಜ್ಯದ ಮಟ್ಟಿಗೆ ಅದೇ ನಡೆಯುತ್ತದೆ. ಆ ಕಾಯ್ದೆಗೆ ತಿದ್ದುಪಡಿ ತಂದು ಕರ್ನಾಟಕ ಹಿಡಿದದ್ದು ಇದೇ ದಾರಿ. 2023ರಲ್ಲಿ ಸುಪ್ರೀಂ ಕೋರ್ಟೂ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಹಾಗಂತ ಪೂರ್ತಿ ನಿಶ್ಚಿಂತೆ ಏನಿಲ್ಲ, ಸಂಸತ್ತು ಮನಸ್ಸು ಮಾಡಿದರೆ ನಾಳೆ ಹೊಸ ಕಾನೂನು ತಂದು ಇದನ್ನೂ ತೆಗೆದುಹಾಕಬಹುದು.